ಒರೆಸಬಾರದಿದ್ದ ಲೆನ್ಸ್

ಹೋದ ತಿಂಗಳು ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಹಳೆಯ ಫೋಟೋ ಕ್ಯಾಮೆರಾಗಳ ಲೆನ್ಸುಗಳನ್ನು ಇವತ್ತಿನ ಸಿನಿಮಾ ಕ್ಯಾಮೆರಾಗಳಿಗೆ ಹೊಂದಿಸುವ ಕೆಲಸ ಕಲಿಯಬೇಕಂತೆ. "ಅಕ್ಕಾರ, ಈ ಕೆಲಸಕ್ಕ ಮುಖ್ಯ ಏನ್ ಬೇಕ್ರಿ?" ಎಂದು ಕೇಳಿ ಪೆನ್ನು ಹಿಡಿದು ಕೂತರು.

"ಕೈ ಕಟ್ಟಿ ಕೂಡಾಕ ಬರಬೇಕು" ಎಂದೆ.

ಒಬ್ಬಳು ಬರೆದುಕೊಂಡಳು. ಇನ್ನೊಬ್ಬಳು, "ಕೈ ಆಡಸಾಕ ಬರಬೇಕಲ್ಲೇನ್ರಿ?" ಎಂದಳು. ಅವಳಿಗೆ ಉತ್ತರ ಹೇಳುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡಬಾರದೇಕೆ ಎಂದು ಅವರೇ ಒತ್ತಾಯ ಮಾಡಿದರು. ಅದಕ್ಕೇ ಇದು.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ವಾಮನರಾಯರ ಕ್ಯಾಮೆರಾ ರಿಪೇರಿ ಅಂಗಡಿ ಇತ್ತು. ನಾನು ಅಲ್ಲಿಗೆ ಸೇರಿದ್ದು ರಿಪೇರಿಗಲ್ಲ, ಕೌಂಟರಿನಲ್ಲಿ ಫಿಲ್ಮ್ ರೋಲು ಮಾರುವುದಕ್ಕೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇರಕಲ್ ಸೀರೆಗೆ ಕಸೂತಿ ಹಾಕುತ್ತಿದ್ದೆ. ಒಂದು ದಿನ ತಲೆ ಎತ್ತಿದರೆ ರಾಯರು ಕನ್ನಡಕ ಹಣೆಗೇರಿಸಿಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಸಿಕ್ಕಿಬಿದ್ದೆ ಎಂದುಕೊಂಡು ಗಡಿಬಿಡಿಯಲ್ಲಿ ಸೀರೆ ಮಡಚಿದೆ.

"ಮಡಚಬ್ಯಾಡ ನೀಲಾ. ಎಳಿ ಎಣಿಸಿ ಹಾಕ್ತೀಯೋ, ಅಂದಾಜಿನ ಮ್ಯಾಲೋ?"

"ಎಣಿಸೇ ಹಾಕ್ತೇನ್ರಿ. ಗಂಟ ಹಾಕಂಗಿಲ್ರಿ, ಹಿಂದ ಮುಂದ ಒಂದ ಥರಾ ಕಾಣಬೇಕ್ರಿ."

"ಹಂಗಾದ್ರ ನಾಳಿಂದ ಒಳಗ ಬಂದು ಕೂಡು. ನನ್ನ ಕೈ ನಡಗಲಿಕ್ಕತ್ತದ."

ಹೀಗೆ ನನ್ನ ವೃತ್ತಿ ಶುರುವಾಯಿತು. ರಾಯರು ಒಳ್ಳೆಯ ಗುರು. ಆದರೆ ಹೊಗಳಿಕೆಯ ವಿಷಯದಲ್ಲಿ ಅವರಷ್ಟು ಜಿಪುಣರನ್ನು ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳಲ್ಲಿ ನಾನು ಕಾಣಲಿಲ್ಲ. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ತಿರುಗಿಸಿ ಮುರುಗಿಸಿ ನೋಡಿ, "ಹ್ಞಂ, ಕೆಡಿಸಿಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನಾನು ಧಾರವಾಡದ ಬಸ್ಸಿನಲ್ಲಿ ನಿಂತೇ ಹೋದರೂ ಕಾಲು ನೋಯುತ್ತಿರಲಿಲ್ಲ.

ಮುಂದೆ ರೋಲು ಹೋಯಿತು, ಎಲ್ಲರ ಕಿಸೆಗೂ ಫೋನು ಬಂತು. ನಮ್ಮ ಅಂಗಡಿಗೆ ಬರುತ್ತಿದ್ದವರು ಪಾಸ್‌ಪೋರ್ಟ್ ಫೋಟೋ ಎಲ್ಲಿ ತೆಗೆಯುತ್ತಾರೆ ಎಂದು ಕೇಳುವವರು ಮಾತ್ರ. ರಾಯರು ಅಂಗಡಿ ಮುಚ್ಚಿ ಬೀಗದ ಕೈ ಯಾರಿಗೆ ಕೊಡುವುದು ಎಂದು ಯೋಚಿಸುತ್ತಿದ್ದ ದಿನಗಳಲ್ಲೇ ಬೆಂಗಳೂರಿನಿಂದ ಶ್ರೀಧರ್ ಎಂಬ ಕ್ಯಾಮೆರಾಮನ್ ಬಂದ. ಹತ್ತು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಮೊದಲ ಸಲ ಸ್ವಂತವಾಗಿ ಒಂದು ಸಿನಿಮಾ ಸಿಕ್ಕಿತ್ತು. ಕೌಂಟರಿನ ಮೇಲೆ ಕರಿ ಡಬ್ಬಿಯಂಥ ಕ್ಯಾಮೆರಾ ಇಟ್ಟು ಹೇಳಿದ:

"ಈಗಿನ ಲೆನ್ಸ್ ತುಂಬಾ ಶಾರ್ಪ್ ಮೇಡಂ. ಮುಖದ ಮೇಲಿನ ಒಂದೊಂದು ರಂಧ್ರನೂ ಎಣಿಸಬಹುದು. ನನಗೆ ಹಳೇ ಲೆನ್ಸಿನ ಮೆತ್ತನೆಯ ಚಿತ್ರ ಬೇಕು."

ರಾಯರು ನನ್ನ ಕಡೆ ನೋಡಿದರು. "ನಲವತ್ತು ವರ್ಷ ಲೆನ್ಸ್ ಚೂಪ ಆಗ್ಲಿ ಅಂತ ಒದ್ದಾಡಿದ್ವಿ. ಈಗ ಮೊಂಡ ಮಾಡಿಕೊಡ್ರಿ ಅಂತ ಬಂದಾರ ನೋಡು."

ಕೆಲಸ ಮಾತ್ರ ಮೊಂಡ ಇರಲಿಲ್ಲ. ಹಳೆಯ ಲೆನ್ಸು ಹೊಸ ಕ್ಯಾಮೆರಾದ ಮೇಲೆ ಕೂರುವುದಿಲ್ಲ; ನಡುವೆ ಹಿತ್ತಾಳೆಯ ಉಂಗುರವೊಂದು ಬೇಕು. ಅದರ ದಪ್ಪ ಒಂದು ಕಾಗದದಷ್ಟು ತಪ್ಪಿದರೂ ದೂರದ ಗುಡ್ಡ ಮಸುಕಾಗುತ್ತದೆ. ಫೋಕಸ್ ತಿರುಗಿಸುವ ಯಂತ್ರ ಕಚ್ಚಿಕೊಳ್ಳಲು ಲೆನ್ಸಿನ ಸುತ್ತ ಹಲ್ಲಿನ ಬಳೆ ಬೇಕು. ಮೊದಲನೆಯ ಬಳೆಯನ್ನು ಲಕಮನಹಳ್ಳಿಯ ಲೇಥ್ ಅಂಗಡಿಯೊಂದರಲ್ಲಿ ಮಾಡಿಸಿದೆ. ಅವರು ಅಲ್ಲಿಯವರೆಗೆ ಮಾಡಿದ್ದೆಲ್ಲ ಕಬ್ಬಿನ ಹಾಲಿನ ಯಂತ್ರದ ಬಿಡಿಭಾಗ. ಬಳೆ ಬಂದಾಗ ಎರಡೂ ಕೈಯಿಂದ ಎತ್ತಬೇಕಾಯಿತು. ರಾಯರು ಅದನ್ನು ನೋಡಿ, "ನೀಲಾ, ಇದಕ್ಕ ಲೆನ್ಸ್ ಬ್ಯಾಡ. ಎತ್ತು ಕಟ್ಟು" ಎಂದರು.

ಇನ್ನೊಂದು ಕೆಲಸ ಸದ್ದು ತೆಗೆಯುವುದು. ಬೆಳಕು ಹೆಚ್ಚು ಕಡಿಮೆ ಮಾಡುವ ಉಂಗುರ ಹಳೆಯ ಲೆನ್ಸಿನಲ್ಲಿ ಕಟ್ ಕಟ್ ಎಂದು ತಿರುಗುತ್ತದೆ. ಫೋಟೋಕ್ಕೆ ಅಡ್ಡಿಯಿಲ್ಲ. ಸಿನಿಮಾದಲ್ಲಿ ಚಿತ್ರ ಓಡುತ್ತಿರುವಾಗಲೇ ತಿರುಗಿಸಬೇಕು, ಬೆಣ್ಣೆಯ ಹಾಗೆ ಜಾರಬೇಕು. ಅದಕ್ಕೆ ಒಳಗಿರುವ ಸಾಸಿವೆಗಿಂತ ಚಿಕ್ಕ ಉಕ್ಕಿನ ಗುಂಡನ್ನು ತೆಗೆಯಬೇಕು. ತೆಗೆದದ್ದನ್ನು ಜೋಪಾನ ಮಾಡಬೇಕು, ಬೇಡವೆನಿಸಿದಾಗ ಲೆನ್ಸು ಮತ್ತೆ ಮೊದಲಿನಂತಾಗಬೇಕು ಎಂಬುದು ರಾಯರ ಕಟ್ಟಳೆ. ಮೊದಲ ಸಲ ನಾನು ಉಂಗುರ ಬಿಚ್ಚಿದಾಗ ಗುಂಡು ಟಕ್ಕೆಂದು ಹಾರಿತು. ನಾನೂ ರಾಯರೂ ಅಯಸ್ಕಾಂತ ಹಿಡಿದು ಅಂಗಡಿಯನ್ನೆಲ್ಲ ತೆವಳಿದೆವು. ಸಿಗಲಿಲ್ಲ. ದಣಿದು ರಾಯರು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಗಿರ್ಮಿಟ್ ಚುರುಮುರಿಯ ಪೊಟ್ಟಣ ತೆಗೆದು ಬಾಯಿಗೆ ಹಾಕಿಕೊಂಡರು. ಎರಡನೆಯ ಮುಕ್ಕಿಗೇ ಅವರ ದವಡೆ ನಿಂತಿತು.

"ನೀಲಾ," ಎಂದರು ಕೆನ್ನೆ ಹಿಡಿದುಕೊಂಡು, "ಸಿಕ್ಕದ."

ಆ ಹಲ್ಲು ಮುಂದೆ ಕೀಳಿಸಬೇಕಾಯಿತು. ಅದನ್ನೂ ಜೋಪಾನ ಮಾಡಿಡಲೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಬಿಸಿಲಿನ ಪ್ರಕರಣವನ್ನೂ ಹೇಳಿಬಿಡಬೇಕು. ಕೆಲವು ಹಳೆಯ ಲೆನ್ಸುಗಳ ಗಾಜು ವರ್ಷಗಳು ಕಳೆದಂತೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೆಲವು ವಾರ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ. ನಾನು ಅಂಥದ್ದೊಂದನ್ನು ಮಾಳಿಗೆಯ ಮೇಲೆ, ಹಪ್ಪಳಗಳ ಪಕ್ಕ, ಹಾಸಿದ್ದ ಬಿಳಿ ಬಟ್ಟೆಯೊಂದರ ಮೇಲೆ ಇಟ್ಟು ಬಂದೆ. ಲೆನ್ಸು ಎಂದರೆ ಭೂತಗನ್ನಡಿಯೂ ಹೌದು ಎಂಬುದು ಸಾಲೆಯ ಮಕ್ಕಳಿಗೂ ಗೊತ್ತು. ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಬಟ್ಟೆ ನಮ್ಮ ಕಟ್ಟಡದ ಮಾಲಕರದು. ಮದುವೆಗೆಂದು ಒಗೆದು ಹಾಕಿದ್ದ ಜರಿಯಂಚಿನ ಧೋತರ. ಮಧ್ಯಾಹ್ನ ಅವರು ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದರು, ಬೈಯಲಿಲ್ಲ. ಧೋತರವನ್ನು ಮುಖದ ಮುಂದೆ ಅಗಲಿಸಿ, ಸುಟ್ಟ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದರು.

"ರಾಯರ, ನಿಮ್ಮ ಹೊಸಾ ಲೆನ್ಸ್ ಭಾರಿ ಐತ್ರಿ. ನೀವು ಛಲೋ ಕಾಣಾಕತ್ತೀರಿ."

ನಾನು ತೂತು ಮುಚ್ಚಿ ಅದರ ಮೇಲೆ ಕಸೂತಿಯ ಗೋಪುರ ಹಾಕಿಕೊಟ್ಟೆ. ಮದುವೆಯಲ್ಲಿ ನಾಲ್ಕು ಜನ, ಸರಿಯಾಗಿ ಕುಳಿತುಕೊಳ್ಳುವ ಜಾಗದಲ್ಲೇ ಗೋಪುರ ಯಾಕೆ ಎಂದು ಕೇಳಿದರಂತೆ.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ಶ್ರೀಧರನ ಸಿನಿಮಾದಲ್ಲಾಯಿತು.

ಅವನಿಗೆ ಬೇಕಾದ ಲೆನ್ಸು ಸಿಕ್ಕಿದ್ದು ಧಾರವಾಡದ ಮಲ್ಲಪ್ಪ ಎಂಬ ಹಳೆಯ ಫೋಟೋಗ್ರಾಫರ್ ಹತ್ತಿರ. ಮಲ್ಲಪ್ಪ ಮತ್ತು ಅವರ ಅಣ್ಣ ಬಸಲಿಂಗಪ್ಪ ಸೇರಿ ಒಂದು ಕಾಲಕ್ಕೆ ಸ್ಟುಡಿಯೋ ನಡೆಸುತ್ತಿದ್ದರು. ಯಾವುದೋ ಮಾತಿಗೆ ಜಗಳವಾಗಿ ಪಾಲಾದಾಗ ಪ್ರತಿಯೊಂದೂ ಎರಡು ಭಾಗವಾಯಿತು. ಗಿರಾಕಿಗಳ ಹಿಂದೆ ಇಳಿಬಿಡುವ ಚಿತ್ರದ ಪರದೆಯನ್ನೂ ಬಿಡಲಿಲ್ಲ. ನಡುವೆ ಕತ್ತರಿಸಿ, ಅಣ್ಣ ಜಲಪಾತ ತೆಗೆದುಕೊಂಡರು, ತಮ್ಮ ಸೇತುವೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಮ್ಮನ ಪಾಲಿಗೆ ಬಂದಿದ್ದ ಜರ್ಮನ್ ಲೆನ್ಸನ್ನು ನಾವು ಶ್ರೀಧರನಿಗೆ ಹೊಂದಿಸಿಕೊಟ್ಟೆವು. ಒಳಗಿನ ಗಾಜಿನ ಮೇಲೆ ತೆಳ್ಳಗೆ ಮಂಜು ಹಿಡಿದಂತಿತ್ತು. ಶ್ರೀಧರ ಅದನ್ನು ನೋಡಿಯೇ ಒಯ್ದಿದ್ದ.

ಕೆಲಗೇರಿ ಕೆರೆಯ ದಂಡೆಯಲ್ಲಿ ಶೂಟಿಂಗ್. ಅರ್ಧ ಸಿನಿಮಾ ಮುಗಿದಿತ್ತು. ಒಂದು ದಿನ ಧೂಳು ಹೊಕ್ಕು ಫೋಕಸ್ ಬಿಗಿಯಾಯಿತೆಂದು ಲೆನ್ಸು ಅಂಗಡಿಗೆ ಬಂತು. ಬಿಚ್ಚಿದೆ, ಹಳೆಯ ಗ್ರೀಸ್ ತೊಳೆದೆ, ಹೊಸದು ಹಚ್ಚಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ತವರಿಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದು ಹೇಗೆ? ಒಳಗಿನ ಗಾಜಿನ ಮಂಜನ್ನು ನೋಡಿ ನನಗೆ ಕನಿಕರ ಬಂತು. ಅರ್ಧ ದಿನ ಕೂತು, ಸ್ಪಿರಿಟ್ ಹಾಕಿ, ಹತ್ತಿಯಿಂದ ಒರೆಸಿ ಒರೆಸಿ ಥಳಥಳ ಮಾಡಿದೆ. ರಾಯರು ಬೆಳಕಿಗೆ ಹಿಡಿದು ನೋಡಿ, ತಮ್ಮ ಜನ್ಮದಲ್ಲಿ ಮೊದಲ ಸಲ, "ಛಲೋ ಮಾಡೀ" ಎಂದರು. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು.

ಶ್ರೀಧರ ಬಂದ. ಲೆನ್ಸನ್ನು ಕಣ್ಣಿಗೆ ಹಿಡಿದ. ಇಳಿಸಿದ. ಮತ್ತೆ ಹಿಡಿದ.

"ಮೇಡಂ, ಮಂಜು ಎಲ್ಲಿ?"

"ಯಾವ ಮಂಜು?"

"ಒಳಗಿತ್ತಲ್ಲ, ಆ ಮಂಜು."

"ಒರೆಸಿದೆನಲ್ರೀ!" ಎಂದೆ, ಇನ್ನೂ ಹೆಮ್ಮೆಯಿಂದಲೇ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ನಾಯಕಿ ಕೆರೆಯ ದಂಡೆಯಲ್ಲಿ ನಿಂತು ಹಳೆಯದನ್ನು ನೆನೆಯುವ ದೃಶ್ಯಗಳೆಲ್ಲ ಆ ಮಂಜಿನಲ್ಲೇ ತೆಗೆದಿದ್ದಾಗಿತ್ತು. ಕೆರೆಯ ದಂಡೆಯ ಕೆಲಸ ಇನ್ನೂ ಆರು ದಿನದ್ದು ಬಾಕಿ. ಇನ್ನುಳಿದದ್ದು ಬೇರೆ ಥರ ಕಂಡರೆ ಎಲ್ಲವನ್ನೂ ಮತ್ತೆ ತೆಗೆಯಬೇಕು. ನಾಯಕಿ ಅಷ್ಟು ದಿನ ಇರುವುದಿಲ್ಲ. ನಿರ್ಮಾಪಕರು ಕ್ಯಾಮೆರಾಮನ್ನನ್ನೇ ಬದಲಿಸುತ್ತಾರೆ. "ಅದು ಅವಳ ಮನಸ್ಸಿನ ಮಂಜು ಮೇಡಂ" ಎಂದ, ಅಳುವ ದನಿಯಲ್ಲಿ.

ರಾಯರು ಮೆಲ್ಲಗೆ ಕೇಳಿದರು: "ಅಲ್ರೀ, ಮನಸಿನ ಮಂಜು ಲೆನ್ಸಿನ್ಯಾಗ ಇಟ್ಟೀರಿ ಅಂತ ಒಂದು ಚೀಟಿ ಹಚ್ಚಬಾರದೇನ್ರಿ?"

ನನಗೆ ನಗು ಬರಲಿಲ್ಲ. ಹತ್ತು ವರ್ಷ ಕಾದು ಸಿಕ್ಕ ಅವಕಾಶವನ್ನು ನಾನು ಅರ್ಧ ದಿನದಲ್ಲಿ ಒರೆಸಿ ಹಾಕಿದ್ದೆ. ಅವತ್ತೇ ಮಂಜು ವಾಪಸು ತರುವ ಪ್ರಯತ್ನ ಶುರುವಾಯಿತು. ಗಾಜಿನ ತುಂಡಿಗೆ ತುಪ್ಪ ಸವರಿ ಮುಂದೆ ಹಿಡಿದೆವು. ನಾಯಕಿಯ ಬದಲು ಕೌಂಟರಿನ ಹತ್ತಿರ ನಿಂತ ನಾನು ತುಪ್ಪದಲ್ಲಿ ಅದ್ದಿದ ಹೋಳಿಗೆಯ ಹಾಗೆ ಕಂಡೆ. ಲೋಬಾನದ ಹೊಗೆ ಹಿಡಿದೆವು; ಮೂವರೂ ಕೆಮ್ಮಿದೆವು. ರಾಯರು ಲೆನ್ಸಿನ ಮೇಲೆ ಹಾ ಎಂದು ಉಸಿರು ಬಿಟ್ಟರು; ಅದೊಂದೇ ಸರಿಯಾಗಿ ಹೊಂದಿತು, ಆದರೆ ನಾಲ್ಕು ಎಣಿಸುವುದರೊಳಗೆ ಆರಿತು. "ಶೂಟಿಂಗಿಗೆ ನಾನ ಬಂದು ಉಸಿರು ಬಿಡಲೇನು?" ಎಂದರು. ಶ್ರೀಧರ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದ.

ಕೊನೆಗೆ ರಾಯರೇ ಹಣೆ ಬಡಿದುಕೊಂಡರು. "ಪಾಲಿನ್ಯಾಗ ಎಲ್ಲಾ ಎರಡೆರಡು ಆದುವಲ್ಲ ನೀಲಾ. ಲೆನ್ಸೂ ಎರಡು ಇದ್ದವು! ಒಂದ ದಿನ ತಗೊಂಡಿದ್ದು, ಒಂದ ಕಪಾಟಿನ್ಯಾಗ ವರ್ಷಾನುಗಟ್ಟಲೆ ಇದ್ದದ್ದು. ಗ್ರೀಸಿನ ಆವಿ ಎರಡಕ್ಕೂ ಅಷ್ಟ ಕೂತಿರಬೇಕು. ಬಸಲಿಂಗಪ್ಪನ ಕಡೆ ಹೋಗು."

ಮರುದಿನ ಬೆಳಿಗ್ಗೆ ನಾನು ಸತ್ತೂರಿನಲ್ಲಿ ಬಸಲಿಂಗಪ್ಪ ಕಾಕಾರ ಮನೆಯ ಮುಂದಿದ್ದೆ. ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಲೆನ್ಸು ಹುಡುಕುವ ಅಗತ್ಯವೇ ಬೀಳಲಿಲ್ಲ. ಅದಕ್ಕೊಂದು ನಾಡಾ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅದನ್ನೇ ಪೇಪರಿನ ಮೇಲೆ ಹಿಡಿದು ಅಕ್ಷರ ದೊಡ್ಡದು ಮಾಡಿ ಓದುತ್ತಿದ್ದರು. ಮುಂದಿನ ಗಾಜಿನ ಮೇಲೆ ನಶ್ಯದ ಪುಡಿ. ಹಿಂದಿನಿಂದ ಇಣುಕಿದೆ. ಒಳಗೆ ಮಂಜು, ಇದ್ದಲ್ಲೇ ಇತ್ತು. ದೇವರ ದರ್ಶನವಾದಷ್ಟು ಸಂತೋಷವಾಯಿತು.

"ಕಾಕಾರ, ಆರು ದಿನದ ಮಟ್ಟಿಗೆ ಇದನ್ನ ಕೊಡ್ರಿ" ಎಂದು ಕೇಳಿ, ಸಿನಿಮಾದ ಸಂಗತಿ ಹೇಳಿದೆ.

"ಆರು ದಿನಾ ಊರಾಗ ಯಾರು ತೀರಿದ್ರು ಅಂತ ನನಗ ಹೆಂಗ ಗೊತ್ತಾಗಬೇಕವ್ವಾ?"

"ದಿನಾ ಮುಂಜಾನೆ ನಾನ ಬಂದು ಓದಿ ಹೇಳ್ತೇನ್ರಿ."

"ಬ್ಯಾಡ. ಮಂದಿ ಓದಿ ಹೇಳಿದ್ರ ಸತ್ತಾರಂತ ನಂಬಿಕಿ ಬರಂಗಿಲ್ಲ."

ಎಷ್ಟು ಬೇಡಿದರೂ ಕಾಕಾ ಜಗ್ಗಲಿಲ್ಲ. ಸೋತು ಎದ್ದು ನಿಂತವಳು, ನನ್ನ ಪಾಡಿಗೆ ನಾನೇ ಗೊಣಗಿದೆ: "ಮಲ್ಲಪ್ಪ ಕಾಕಾರ ಲೆನ್ಸಿನ್ಯಾಗ ಅರ್ಧಾ ಸಿನಿಮಾ ಆಗಿತ್ತು. ನಾ ಒರಸಲಿಲ್ಲಾಂದ್ರ ಪೂರಾ ಅದರಾಗ ಆಗತಿತ್ತು."

ಪೇಪರ್ ಕೆಳಗಿಳಿಯಿತು.

"ಯಾರ ಲೆನ್ಸ್ ಅಂದಿ?"

"ಮಲ್ಲಪ್ಪ ಕಾಕಾರದ್ರಿ."

"ಅವನ ಲೆನ್ಸ್ ಸಿನಿಮಾ ತಗಿತೈತಿ, ನಂದು ಕುಂತು ಸತ್ತವರ ಹೆಸರು ಓದತೈತಿ?" ಕಾಕಾರ ಮೀಸೆ ನಡುಗಿತು. ನಾಡಾ ಕೊರಳಿಂದ ತೆಗೆದರು. "ಒಯ್ಯಿ. ಉಳಿದ ಅರ್ಧಾ ನಂದ ಆಗಬೇಕು. ಅವನದಕ್ಕಿಂತ ಛಂದ ಆಗಬೇಕು. ತಡಿ, ಹೊಲಸಾಗೇತಿ, ಬಿಚ್ಚಿ ಒಳಗಿಂದ ಒರಿಸಿ ಕೊಡ್ತೇನಿ."

ನಾನು ಆ ವಯಸ್ಸಿನಲ್ಲಿ ಅಷ್ಟು ದೂರ ಜಿಗಿಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಅವರ ಎರಡೂ ಕೈಗಳನ್ನು ಹಿಡಿದುಕೊಂಡೆ. "ಮುಟ್ಟಬ್ಯಾಡ್ರಿ ಕಾಕಾ! ನಿಮ್ಮ ಕಾಲಿಗೆ ಬೀಳ್ತೇನಿ, ಒರಸಬ್ಯಾಡ್ರಿ!" ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು.

ಆ ಲೆನ್ಸನ್ನು ಕ್ಯಾಮೆರಾಕ್ಕೆ ಹೊಂದಿಸಲು ಒಂದು ದಿನ ಹಿಡಿಯಿತು. ಗುಂಡು ತೆಗೆಯಲು ಬಿಚ್ಚಲೇಬೇಕು. ಬಿಚ್ಚಿದರೆ ಮಂಜಿನ ಗಾಜು ಕಣ್ಣೆದುರಿಗೇ. ಮೂವತ್ತು ವರ್ಷ ಒರೆಸಿದ ಕೈ; ನನಗೆ ಗೊತ್ತಿಲ್ಲದೆಯೇ ಹತ್ತಿಯ ಕಡೆ ಹೋಗುತ್ತಿತ್ತು. ರಾಯರು ಎದ್ದು ಬಂದು, ಸ್ಪಿರಿಟ್ ಬಾಟಲಿ, ಹತ್ತಿ, ಒರೆಸುವ ಬಟ್ಟೆ ಎಲ್ಲವನ್ನೂ ಎತ್ತಿಕೊಂಡು ಹೋಗಿ ತೊಡೆಯ ಮೇಲಿಟ್ಟುಕೊಂಡು, ನಾನು ಕೊನೆಯ ಸ್ಕ್ರೂ ತಿರುಗಿಸುವವರೆಗೆ ಎದುರಿಗೇ ಕೂತರು. ನಾನು ಮುಟ್ಟಿದ್ದು ಹೊರಗಿನ ನಶ್ಯವನ್ನು ಮಾತ್ರ, ಅದೂ ಅವರ ಅಪ್ಪಣೆ ಪಡೆದು.

ಕೆಲಗೇರಿಯಲ್ಲಿ ಶ್ರೀಧರ ಲೆನ್ಸು ಹಾಕಿ ಮಾನಿಟರ್ ನೋಡಿದ. ಹಿಂದೆ ತೆಗೆದದ್ದನ್ನು ಪಕ್ಕದಲ್ಲಿಟ್ಟು ನೋಡಿದ. ನೆಲದ ಮೇಲೆ ಕೂತುಬಿಟ್ಟ. ಹೋಯಿತು, ಇದೂ ಕೆಟ್ಟಿತು ಎಂದುಕೊಂಡು ನಾನು ಕೆರೆಯ ಕಡೆ ಮುಖ ತಿರುಗಿಸಿದೆ. ಹಿಂದಿನಿಂದ ಅವನು ಮೂಗು ಸೇದುವ ಸದ್ದು ಕೇಳಿತು. "ಇದೇ ಮೇಡಂ. ಇದೇ" ಎಂದ.

ಮಾತು ಕೊಟ್ಟಂತೆ ನಾನು ಆರು ದಿನವೂ ಸತ್ತೂರಿಗೆ ಹೋಗಿ ಪೇಪರ್ ಓದಿದೆ. ಕಾಕಾ ತೀರಿಹೋದವರ ಹೆಸರು, ಊರು ಕೇಳಿ ಸುಮ್ಮನಾಗುತ್ತಿರಲಿಲ್ಲ. "ಫೋಟೋದಾಗ ಹಿಂದ ಏನೈತಿ ನೋಡಿ ಹೇಳವ್ವಾ" ಎನ್ನುತ್ತಿದ್ದರು. ಮೂರನೆಯ ದಿನ ನನಗೆ ಅರ್ಥವಾಯಿತು. ಮನೆಯವರು ಹುಡುಕಿ ಕೊಡುವುದು ಎಂದೋ ಸ್ಟುಡಿಯೋದಲ್ಲಿ ತೆಗೆಸಿದ ಹಳೆಯ ಫೋಟೋ. ಹಿಂದೆ ಜಲಪಾತ ಕಂಡರೆ ಅದು ಕಾಕಾ ತೆಗೆದದ್ದು. ಸೇತುವೆ ಕಂಡರೆ ತಮ್ಮ ತೆಗೆದದ್ದು. ಒಂದು ದಿನ, ಹಿಂದೆ ಜಲಪಾತವೂ ಇದೆ, ಸೇತುವೆಯೂ ಇದೆ ಎಂದೆ. ಕಾಕಾ ಕೈ ಚಾಚಿ ಆ ಫೋಟೋದ ಮೇಲೆ ಬೆರಳಿಟ್ಟರು. "ಅದು ಪಾಲಾಗೂಕಿಂತ ಮೊದಲಿಂದು" ಎಂದರು. ಅವತ್ತು ಬೇರೆ ಯಾರ ಹೆಸರೂ ಓದಿಸಲಿಲ್ಲ.

ಸಿನಿಮಾ ಹುಬ್ಬಳ್ಳಿಗೆ ಬಂದಾಗ ಶ್ರೀಧರ ನಮ್ಮೆಲ್ಲರಿಗೂ ಮಧ್ಯಾಹ್ನದ ಆಟಕ್ಕೆ ಸೀಟು ಹಿಡಿಸಿದ್ದ. ಅವನಿಗೆ ಪಾಪ ಏನೂ ಗೊತ್ತಿಲ್ಲ. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಸಾಲಿಗೆ ಕರೆದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ವಾಪಸು ಹೋಗುವುದು ಸೋತಂತೆ ಎಂದು ತಿಳಿದೋ ಏನೋ, ನಡುವೆ ನನ್ನನ್ನು ಕೂರಿಸಿಕೊಂಡು ಕೂತರು. ರಾಯರು ಹಿಂದಿನ ಸಾಲಿನಲ್ಲಿ ಶ್ರೀಧರನ ಪಕ್ಕ ಕೂತು ಆಗಲೇ ಅವನ ಹೆಗಲು ಸವರುತ್ತಿದ್ದರು.

ಕೆರೆಯ ದೃಶ್ಯ ಬಂತು. ನಾಯಕಿ ದಂಡೆಯಲ್ಲಿ ನಿಂತಿದ್ದಳು. ಬೆಳಕು ಅವಳ ಕೂದಲಿನ ಸುತ್ತ ಹಾಲಿನ ಹಾಗೆ ಹರಡಿತು. ಅಷ್ಟರಲ್ಲಿ, ಕ್ಯಾಮೆರಾದ ಗಾಜು ಒರೆಸಿಲ್ಲ ಎಂದುಕೊಂಡು ಮುಂದಿನ ಸಾಲಿನಿಂದ ಒಬ್ಬ ಕೂಗಿದ:

"ಏ, ಕಾಚ ಒರಸ್ರೋ!"

ಇಡೀ ಥಿಯೇಟರು ನಕ್ಕಿತು. "ಒಂದ ಅರಬಿ ತಗೊಂಡು ತಿಕ್ಕ್ರೋ ಯಪ್ಪಾ!" ಎಂದು ಇನ್ನೊಬ್ಬ ಸೀಟಿ ಹೊಡೆದ. ತಿರುಗಿ ನೋಡಿದೆ. ಶ್ರೀಧರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ಬಸಲಿಂಗಪ್ಪ ಕಾಕಾ ನನ್ನ ಮೇಲಿಂದ ಆ ಕಡೆ ಬಾಗಿದರು. "ಮಲ್ಲಪ್ಪಾ, ಇದು ನಿಂದ ನೋಡು."

"ನಂದಲ್ಲ" ಎಂದರು ಮಲ್ಲಪ್ಪ ಕಾಕಾ, ಪರದೆಯಿಂದ ಕಣ್ಣು ತೆಗೆಯದೆ. "ನಂದು ಇಷ್ಟ ಹೊಲಸ ಇರಲಿಲ್ಲ. ನಿಂದ ಇರಬೇಕು."

ಎಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತೋ! ಆಡಿದ್ದು ತಿಳಿಯುತ್ತಲೇ ಇಬ್ಬರೂ ಒಂದು ಕ್ಷಣ ತಬ್ಬಿಬ್ಬಾಗಿ, ಒಟ್ಟಿಗೇ ನನ್ನ ಕಡೆ ತಿರುಗಿದರು.

"ನೀಲವ್ವಾ, ಯಾರ ಲೆನ್ಸ್ ಇದು? ಖರೇ ಹೇಳು."

ಎರಡೂ ಲೆನ್ಸುಗಳನ್ನು ಬಿಚ್ಚಿ ಕಟ್ಟಿದವಳು ನಾನು. ಪರದೆಯ ಮೂಲೆ ನೋಡಿದೆ, ನೀರಿನ ಮಿಂಚು ನೋಡಿದೆ, ಅವಳ ಮೂಗಿನ ನತ್ತಿನ ಸುತ್ತ ಬೆಳಕು ಒಡೆಯುವ ರೀತಿ ನೋಡಿದೆ.

"ಗೊತ್ತಾಗವಲ್ದ್ರಿ ಕಾಕಾರ" ಎಂದೆ. "ಖರೇನ ಗೊತ್ತಾಗವಲ್ದು."

ಇಬ್ಬರೂ ಮತ್ತೆ ಪರದೆಯ ಕಡೆ ತಿರುಗಿ ಕೂತರು. ಮುಂದಿನ ಸಾಲಿನವನು ಇನ್ನೊಮ್ಮೆ, "ಏ, ಒರಸ್ರೋ!" ಎಂದು ಕೂಗಿದ. ಮಲ್ಲಪ್ಪ ಕಾಕಾ ಧಡಕ್ಕನೆ ಎದ್ದು ನಿಂತರು.

"ಏ, ಸುಮ್ಮ ಕುಂಡ್ರೋ! ಕಾಚ ಛಲೋ ಐತಿ!"

ಈ ಕಡೆಯಿಂದ ಬಸಲಿಂಗಪ್ಪ ಕಾಕಾ ನನ್ನ ಹೆಗಲು ಊರಿಕೊಂಡು ಎದ್ದರು, ತಮ್ಮನಿಗಿಂತ ಜೋರಾಗಿ ಕೂಗಿದರು:

"ಅದು ನಮ್ಮದೈತಿ!"